ರಿಂಗಿನ ಆಚೆಯ ಬಡಿತ

ಅಂಗಳದಲ್ಲಿ ಬಾವಿಗೆ ಇಳಿಸುವ ಸಿಮೆಂಟಿನ ರಿಂಗುಗಳು ಒಂದರ ಮೇಲೊಂದು ನಿಂತಿದ್ದವು. ಪಕ್ಕದಲ್ಲಿ ಮಲಗಿದ್ದ ಒಂಟಿ ರಿಂಗಿನೊಳಗೆ ಮಳೆನೀರು ತುಂಬಿ, ಮುಸ್ಸಂಜೆಯ ಆಕಾಶವನ್ನು ರೆಪ್ಪೆಯಿಲ್ಲದ ಕಣ್ಣಿನಂತೆ ದಿಟ್ಟಿಸುತ್ತಿತ್ತು.

ಶೆಡ್ಡಿನೊಳಗೆ ಕೆಲಸಗಾರರು ಸಿಮೆಂಟು ಚೀಲಗಳ ಮೇಲೆ ಒತ್ತಿಕೊಂಡು ಕುಳಿತಿದ್ದರು. ಮೇಸ್ತ್ರಿಯ ಅಳಿಯ ಬಾಗಿಲ ಬಳಿ ನಿಂತು ಒದ್ದೆ ತಲೆ ಒರೆಸಿಕೊಳ್ಳುತ್ತಿದ್ದ. ಮಾವ ಪರವೂರಿಗೆ ಹೋಗಿದ್ದಾಗ ತಾನೇ ಒಪ್ಪಿಕೊಂಡಿದ್ದ ಹಳೆಯ ಬಾವಿಯೊಂದರ ಹೂಳನ್ನು ಅವನು ಅಂದು ತೆಗೆಸಿದ್ದ. ಈ ಮನೆಗೆ ಬಂದು ವರ್ಷವಾಗಿರಲಿಲ್ಲ; ಕಸುಬು ಕೈಗೆ ಹತ್ತಿತ್ತು, ಕತೆಗಳಿನ್ನೂ ಕಿವಿಗೆ ಬಿದ್ದಿರಲಿಲ್ಲ.

"ಮಾವ, ಆ ಬಾವಿಗೆ ಇಳೀರಿ ಅಂದ್ರೆ ಇವರೆಲ್ಲ ಮುಖ ಮುಖ ನೋಡ್ಕೋತಾರಲ್ಲ, ಯಾಕೆ? ಮೀಸೆ ನೋಡಿದ್ರೆ ಹುಲಿಗಳು!"

ಆಗಷ್ಟೇ ಊರಿಗೆ ಮರಳಿದ್ದ ಮುದುಕ ಮೇಸ್ತ್ರಿ ನಗಲಿಲ್ಲ.

"ಕೇಳ್ರಪ್ಪ... ಅದನ್ನ ತೋಡಿದ್ದು ನಮ್ಮಪ್ಪ, ನಮ್ಮ ದೊಡ್ಡಪ್ಪ. ಕೆಳಗಿರೋನು ದಣಿದ್ರೆ ಸುತ್ತಿಗೇಲಿ ರಿಂಗು ಬಡೀತಾನೆ. ಮೇಲಿರೋನು ತಿರುಗಿ ಬಡಿದ್ರೆ 'ನೀನು ಹತ್ತು, ನಾನು ಇಳೀತೀನಿ' ಅಂತ. ಇವತ್ತಿಗೂ ಹಾಗೇ ತಾನೆ ನೀವು ಮಾಡೋದು? ರಿಂಗು ಅಂದ್ರೆ ಸಾಮಾನ್ಯವೇ... ಮಣ್ಣು ಸುತ್ತಲಿಂದ ಒಂದೇ ಸಮ ತಬ್ಬಿದಷ್ಟೂ ಗಟ್ಟಿ, ಒಂದು ಪಕ್ಕ ಟೊಳ್ಳಾಯ್ತೋ ಮುಗೀತು. ಅವತ್ತು ಹಾಗೊಂದು ಟೊಳ್ಳು ಬಿತ್ತು, ದೊಡ್ಡಪ್ಪ ರಿಂಗಿನ ಅಡಿಯಿಂದ ಆಚೆಗೆ ನುಸುಳಿ ಜಲ್ಲಿ ತುಂಬ್ತಾ ಇದ್ದ, ಮೇಲಿನ ಮಣ್ಣು ಹಾಗೇ ಕುಸೀತು... ಅಗೆದ್ರು, ಅಗೆದ್ರು, ಹೆಣ ಸಿಗಲಿಲ್ಲ. ಬಡಿತ ಮಾತ್ರ ನಿಲ್ಲಲಿಲ್ಲ! ಒಂದ್ಸಲ ಈ ಕಡೆಯಿಂದ, ಒಂದ್ಸಲ ಆ ಕಡೆಯಿಂದ... ಸುತ್ತಿ ಸುತ್ತಿ ದಾರಿ ಹುಡುಕ್ತಿದ್ದಾನೆ, ಆದ್ರೆ ರಿಂಗಿಗೆ ತುದಿ ಎಲ್ಲಿದೆ ಹೇಳಿ? ನಮ್ಮಪ್ಪ ಸುತ್ತಿಗೆ ಎತ್ತಿದ. ಅಮ್ಮ ಕೈ ಹಿಡ್ಕೊಂಡ್ಲು. ತಿರುಗಿ ಬಡಿದ್ರೆ ಇಳೀಲೇಬೇಕಲ್ಲ? ಅಪ್ಪ ಸತ್ತು ಎಷ್ಟೋ ಕಾಲ ಆಯ್ತು... ದೊಡ್ಡಪ್ಪ ಮಾತ್ರ ಇನ್ನೂ ಕಾಯ್ತಿದ್ದಾನೆ, ಪಾಳಿ ಬದಲಾಯಿಸೋರು ಬರ್ಲಿ ಅಂತ."

ಅಳಿಯನ ಕೈಯ ಟವೆಲು ತಲೆಯ ಮೇಲೆಯೇ ನಿಂತಿತು. ಮಧ್ಯಾಹ್ನ ಅವನು ಬಾವಿಯ ದಂಡೆಯಲ್ಲಿದ್ದಾಗ ಕೆಳಗಿನಿಂದ ಬಡಿತ ಕೇಳಿಸಿತ್ತು. ಕಲಿತ ಕೈ ತಾನಾಗಿಯೇ ತಿರುಗಿ ಬಡಿದಿತ್ತು. ಆಮೇಲೆ ಬಗ್ಗಿ ನೋಡಿದರೆ ಒಳಗೆ ಯಾರೂ ಇರಲಿಲ್ಲ. ಎಲ್ಲರೂ ಊಟಕ್ಕೆ ಹೋಗಿದ್ದರು.

"ಇವತ್ತು ಅಲ್ಲಿ ಯಾರೂ ತಿರುಗಿ ಬಡೀಲಿಲ್ಲ ತಾನೆ, ಅಳಿಯಂದ್ರೇ?"

ಅವನು ಬಾಯಿ ತೆರೆಯುವ ಮೊದಲೇ ಅಂಗಳದ ಒಂಟಿ ರಿಂಗು ಸದ್ದು ಮಾಡಿತು. ಟಕ್... ಟಕ್...

"ಹೋಗ್ಬೇಡಿ!" ಎಂದು ಮೇಸ್ತ್ರಿ ಏಳುವಷ್ಟರಲ್ಲಿ ಅಳಿಯನ ಕೈ ಮೂಲೆಯ ಸುತ್ತಿಗೆಯನ್ನು ಹಿಡಿದಾಗಿತ್ತು.

"ಪಾಪ, ಬಹಳ ದಣಿದಿದ್ದಾರೆ ಮಾವ," ಎಂದ, ತನ್ನದಲ್ಲವೆಂಬಂಥ ದನಿಯಲ್ಲಿ.

ಅವನು ಮಳೆಗೆ ಇಳಿದ. ಹಿಂದೆಯೇ ಬಾಗಿಲು ಮುಚ್ಚಿಕೊಂಡಿತು.