ಹಸಿ ಸುಣ್ಣದ ಕಮಾನು

ಇರುಳನ್ನೂ ಹಗಲನ್ನೂ ಅಂಗೈಯಲ್ಲಿಟ್ಟು ಕಾಯುವ ಕರ್ತನಿಗೆ ಸ್ತೋತ್ರ. ಆತನ ಹೆಸರು ಹೇಳಿಯೇ ಈ ಮಾತು ತೆಗೆಯುತ್ತೇನೆ… ಕತ್ತಲಾದ ಮೇಲೆ ಹೇಳುವಂಥದ್ದು.

ನಮ್ಮ ದೊಡ್ಡಮ್ಮನ ಮಗ ಅಲೆಕ್ಸ್‌ಗೆ ಆದದ್ದಿದು. ಉಡುಪಿಯವನು, ಈಗ ಮನೆ ಲಂಡನ್ನಿನ ಹ್ಯಾರೋದಲ್ಲಿ. ಹಳೇ ಚರ್ಚುಗಳ ರಿಪೇರಿ ಮಾಡಿಸುವ ಇಂಜಿನಿಯರು.

ಆ ಶನಿವಾರ ರಾತ್ರಿ ಚರ್ಚಿನಿಂದ ಮನೆಗೆ ನಡೆದು ಹೊರಟಿದ್ದ. ಸಮಾಧಿಗಳ ನಡುವೆ ಕಾಲುದಾರಿ, ಪಕ್ಕದಲ್ಲಿ ಜಾಲರಿ ಮುಚ್ಚಿದ ಹಳೇ ಬಾವಿ. ಮನಸ್ಸು ಸರಿಯಿರಲಿಲ್ಲ. ಮಾಡಬಾರದ್ದೊಂದನ್ನು ಮಾಡಿ ಬಂದಿದ್ದ.

ಆ ಚರ್ಚಿಗೆ ಒಂಬೈನೂರು ವರ್ಷ. ರೋಮನೆಸ್ಕ್ ಶೈಲಿ, ಇಂಗ್ಲೆಂಡಿನವರು ನಾರ್ಮನ್ ಅಂತಾರೆ. ರೋಮನ್ನರು ಬಿಟ್ಟುಹೋದ ಕಟ್ಟಡಗಳನ್ನು ನೋಡಿ ನೋಡಿ, ದುಂಡು ಕಮಾನನ್ನು ಮತ್ತೆ ಕಟ್ಟಲು ಕಲಿತವರ ಕೆಲಸ. ಅದರ ಭಾರ ತಡೆಯಲು ಎರಡು ಮೊಳ ದಪ್ಪದ ಗೋಡೆ. ಗೋಡೆ ಸೋಲದಿರಲಿ ಎಂದು ಒಂದು ಮುಖವಷ್ಟೇ ಹಿಡಿಸುವ ಕಿಟಕಿ. ಒಳಗೆ ಮಧ್ಯಾಹ್ನವೂ ಮುಸ್ಸಂಜೆಯೇ.

ಗೋಪುರದ ಕೆಳಗಿನ ದೊಡ್ಡ ಕಮಾನಿನ ಕಲ್ಲು ಬಿಚ್ಚಿ ಮತ್ತೆ ಕೂರಿಸಿದ್ದರು. ಹಿಂದಿನವರಂತೆಯೇ ಸುಣ್ಣದ ಗಾರೆ. ಅದು ಗಟ್ಟಿಯಾಗುವವರೆಗೆ ಕಮಾನನ್ನು ಹೊರುವುದು ಮರದ ಸೆಂಟ್ರಿಂಗು. ಸೆಂಟ್ರಿಂಗನ್ನು ಬಿಗಿ ಹಿಡಿಯುವುದು ಬೆಣೆಗಳು. ಕಮಾನಿನಡಿಯಲ್ಲೇ ದೀಕ್ಷಾಸ್ನಾನದ ಕಲ್ಲುತೊಟ್ಟಿ, ಸೆಂಟ್ರಿಂಗಿನ ಕಂಬಗಳ ನಡುವೆ ಸಿಕ್ಕಿಕೊಂಡಿತ್ತು. ಮರುದಿನ ಭಾನುವಾರ ಅಲ್ಲಿ ಅಲೆಕ್ಸ್ ಮತ್ತು ಅವನ ಹೆಂಡತಿ ಅನ್ನಾರ ಮಗಳಿಗೇ ದೀಕ್ಷಾಸ್ನಾನ.

“ಇನ್ನೊಂದು ವಾರ ಬಿಡು ಗುರೂ,” ಅಂದಿದ್ದ ಮೇಸ್ತ್ರಿ ಲೋಕೇಶ. “ಸುಣ್ಣ ಇದು, ಸಿಮೆಂಟಲ್ಲ. ನಿನ್ನ ಮಗಳ ಡೇಟು ಕೇಳ್ಕೊಂಡು ಒಣಗಲ್ಲ.”

“ಮಾವ ಸೋಮವಾರ ಊರಿಗೆ ಹೊರಡ್ತಾರೆ ಮಾರಾಯ. ಅವರೇ ಮಗು ಎತ್ಕೊಂಡು ನಿಲ್ಬೇಕು ಅಂತ ಅನ್ನಾಗೆ ಆಸೆ. ಒಂಬೈನೂರು ವರ್ಷ ನಿಂತದ್ದು ಒಂದು ವಾರಕ್ಕೆ ಬೀಳ್ತದಾ?”

ಲೋಕೇಶ ಕೈಹಾಕಲಿಲ್ಲ. ಅವನು ಹೋದ ಮೇಲೆ ಅಲೆಕ್ಸನೇ ಸುತ್ತಿಗೆ ಹಿಡಿದು ಬೆಣೆಗಳನ್ನು ಸಡಿಲಿಸಿದ. ಬೆಳಿಗ್ಗೆ ಬೇಗ ಬಂದು ಸೆಂಟ್ರಿಂಗು ಎಳೆದುಬಿಟ್ಟರಾಯ್ತು.

ಬಾವಿ ದಾಟಿದ್ದಷ್ಟೇ…

ಟೊಕ್.

ನಿಂತ. ಬಾವಿಯೊಳಗಿಂದಲ್ಲ. ಹಿಂದಿನಿಂದ.

ಟೊಕ್… ಟೊಕ್. ಮರದ ಮೇಲೆ ಮರದ ಕೊಡತಿ ಬೀಳುವ ಸದ್ದು. ಬೀಗದ ಕೈ ಇವನ ಜೇಬಿನಲ್ಲೇ ಇತ್ತು.

ಪ್ರಾರ್ಥನೆಯೊಂದನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ ಹಿಂತಿರುಗಿದ. ಹಾಕಿದ ಬೀಗ ಹಾಗೇ ಇತ್ತು. ತೆಗೆದ. ಬಾಗಿಲು ಕಿರ್…ರ್ ಎಂದಿತು.

ಸೆಂಟ್ರಿಂಗಿನ ಕೆಳಗೆ ಒಬ್ಬ ಮನುಷ್ಯ. ಮೊಣಕೈವರೆಗೂ ಸುಣ್ಣದ ಬಿಳಿ. ಮುಖ ಕಾಣದು.

“ಯಾರದು?”

ಮೇಲಿನಿಂದ ಸರ್… ಎಂದು ಮರಳು ಸುರಿಯಿತು.

“ಇನ್ನೂ ಹಸಿ.” ಪಿಸುದನಿ. ಯಾವ ಭಾಷೆಯೋ, ಅಲೆಕ್ಸ್‌ಗೆ ಇವತ್ತಿಗೂ ಗೊತ್ತಿಲ್ಲ. ಅರ್ಥವಾಯಿತು, ಅಷ್ಟೇ. “ಹೆಗಲು ಕೊಡು.”

“ತಪ್ಪು ನನ್ನದೇ…”

“ಹೆಗಲು.”

ಕೊಟ್ಟ. ತೊಲೆಯಡಿ ಹೆಗಲಿಟ್ಟು ಎತ್ತಿದ. ಬೆನ್ನು ಮುರಿಯುವ ಭಾರ. ಕರ್ತನೇ, ಮಗು… ಎಂದಷ್ಟೇ ಬಾಯಿಗೆ ಬಂತು. ಆಗ ಯಾರೋ ಹಿಂದಿನಿಂದ ಬೆನ್ನಿಗೆ ಕೈಕೊಟ್ಟಂತಾಯಿತು. ಭಾರ ಹಗುರಾಯಿತು. ಎದುರಿನವನು ಬಾಗಿ ಬೆಣೆ ಬಡಿದ. ಟೊಕ್. ಟೊಕ್. ಟಣ್… ಕೊನೆಯ ಏಟಿಗೆ ಸದ್ದೇ ಬದಲಾಯಿತು. ಮರ ಬಿಗಿಯಾಗಿತ್ತು.

ತಲೆಯೆತ್ತಿದರೆ ಯಾರೂ ಇಲ್ಲ.

ಬೆಳಿಗ್ಗೆ ಅಲೆಕ್ಸ್ ಯಾರಿಗೂ ಸೆಂಟ್ರಿಂಗು ಮುಟ್ಟಲು ಬಿಡಲಿಲ್ಲ. ಬಲಿಪೀಠದ ಹತ್ತಿರ ಮೇಜಿಟ್ಟು, ಬೋಗುಣಿಯಲ್ಲಿ ನೀರು ತುಂಬಿಸಿದ. ಅನ್ನಾಳ ಮುಖ ಬಾಡಿತು.

“ನಿನ್ನದೂ ಬೋಗುಣಿಯಲ್ಲೇ ಆದದ್ದು ಮಗಳೇ,” ಎಂದರು ಮಾವ, ಮಗುವನ್ನು ಎತ್ತಿಕೊಳ್ಳುತ್ತ. “ಅದೂ ಸೊಟ್ಟ ಬೋಗುಣಿ!”

ಕೀರ್ತನೆಯ ಎರಡನೇ ಚರಣ ಹಾಡುವಾಗ ಹಿಂದೆ ಗುಮ್ ಎಂದಿತು. ಕಮಾನು ಒಂದು ಬೆರಳಿನಷ್ಟು ಕುಸಿದು, ಸೆಂಟ್ರಿಂಗಿನ ಮೇಲೆ ಕೂತು, ನಿಂತುಬಿಟ್ಟಿತು. ಖಾಲಿ ಕಲ್ಲುತೊಟ್ಟಿಯ ಮೇಲೆ ಒಂದಿಷ್ಟು ಪುಡಿ ಬಿತ್ತು. ಅನ್ನಾ ಅಪ್ಪನ ಕೈಯಿಂದ ಮಗುವನ್ನು ಕಿತ್ತುಕೊಂಡು ಎದೆಗವಚಿಕೊಂಡಳು.

ಲೋಕೇಶ ಬಂದು ಬೆಣೆಗಳನ್ನು ಮುಟ್ಟಿ ನೋಡಿದ. “ಯಾರು ಬಡಿದದ್ದು ಗುರೂ? ಇಷ್ಟು ಬಿಗಿ ನನ್ನ ಕೈಲೂ ಆಗಲ್ಲ.”

ಇದು ನಡೆದದ್ದು. ಕಟ್ಟಿ ಹೇಳುತ್ತಿಲ್ಲ. ಆ ರಾತ್ರಿ ಅವನು ತೊಟ್ಟಿದ್ದ ಕಪ್ಪು ಕೋಟು ಹ್ಯಾರೋದ ಮನೆಯ ಬೀರುವಿನಲ್ಲಿ ತೂಗುತ್ತಿದೆ, ನಾನೇ ನೋಡಿದ್ದೇನೆ. ಬೆನ್ನ ಮೇಲೆ ಸುಣ್ಣದ ಅಂಗೈ ಗುರುತುಗಳು… ಒಬ್ಬರವಲ್ಲ. ಚಳಿಗಾಲ ಮೂರು ಕಳೆದಿವೆ. ಬೆರಳಿಟ್ಟು ಮುಟ್ಟಿದೆ.

ಇನ್ನೂ ಹಸಿ.

ಕೇಳಿಸಿಕೊಂಡ ನಿಮ್ಮೆಲ್ಲರ ತಲೆಯ ಮೇಲಿನ ಸೂರನ್ನು ಕರ್ತನು ತನ್ನ ಹೆಗಲಲ್ಲಿ ಹೊತ್ತಿರಲಿ. ನೆಮ್ಮದಿಯಾಗಿ ಮಲಗಿ.