ಅತ್ತೆ ಇಳಿಯುವ ಸ್ಟಾಪ್

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಒಂದೇ ಸರ್ಕಾರಿ ಕಚೇರಿಯ ಇಬ್ಬರು ಹೆಂಗಸರಿದ್ದರು. ಹಿರಿಯಾಕೆ ನೌಕರರ ಬಸ್ ಪಾಸ್ ನೋಡಿಕೊಳ್ಳುವವರು. ಕಿರಿಯಾಕೆ ಕೈ ಮುರಿದು ರಜೆಯಲ್ಲಿದ್ದ ಟೈಪಿಸ್ಟ್.

“ನೀನು ರಜೆ, ನಿನ್ನ ಪಾಸ್ ಮಾತ್ರ ದಿನಾ ಓಡಾಡ್ತಿದೆಯಲ್ಲ?”

“ಅತ್ತೆ ಇಸ್ಕೊಂಡು ಹೋಗ್ತಾರೆ ಅಕ್ಕ. ಮಂಡಿನೋವಿಗೆ ಡಾಕ್ಟರ್ ಹತ್ರ.”

“ಪಾಸಿನ ಲೆಕ್ಕ ನೋಡಿದೆ, ಇಳಿಯೋದು ಕೊನೇ ಸ್ಟಾಪಲ್ಲಿ. ಅಲ್ಲಿ ಈಜುಕೊಳ ಬಿಟ್ಟು ಏನೂ ಇಲ್ಲ.”



“ಅದಕ್ಕೇ ತಲೆ ಒದ್ದೆ ಮಾಡ್ಕೊಂಡು ಬರ್ತಾರೆ.”

“ಪಾಸ್ ನೌಕರರಿಗೆ ಮಾತ್ರ ಕಣೇ. ನಿನ್ನ ಕೆಲಸಕ್ಕೇ ಕುತ್ತು. ಇವತ್ತೇ ನಿಲ್ಲಿಸ್ತೀನಿ.”

“ನಿಲ್ಲಿಸಿ ಅಕ್ಕ. ಆದ್ರೆ ಅವರೀಗ ಅಲ್ಲೇ ಇದ್ದಾರೆ. ವಾಪಸ್ ಬರೋದು ಹೇಗೆ?”

ಅಷ್ಟರಲ್ಲಿ ಕೊನೇ ಸ್ಟಾಪಿನ ಬಸ್ ಬಂತು. ಟೈಪಿಸ್ಟ್ ಒಂದೇ ಕೈಯಲ್ಲಿ ಕಂಬಿ ಹಿಡಿದು ಹತ್ತಿ, ತಿರುಗಿ ಹೇಳಿದಳು.

“ನಾನೇ ಕರ್ಕೊಂಡು ಬರ್ತೀನಿ. ಮೊದಲು ಈಜೋದನ್ನ ನೋಡ್ಬೇಕು.”

ಬಸ್ ಹೊರಟಿತು.