ಅಜ್ಜನ ಬಂದೂಕಿನ ಕಲೆ

ನಗೋದಾದ್ರೆ ಈಗಲೇ ನಕ್ಕುಬಿಡಿ. ನಡುವೆ ನಕ್ಕರೆ ನಾನು ಅಲ್ಲಿಗೇ ನಿಲ್ಲಿಸಿಬಿಡ್ತೀನಿ. ಇದು ನಮ್ಮ ದೊಡ್ಡಪ್ಪನ ಮಗನಿಗೆ ಆಗಿದ್ದು. ಲೈಬ್ರರಿಯಲ್ಲಿ ಹಳೇ ಪುಸ್ತಕ ರಿಪೇರಿ ಮಾಡೋ ಕೆಲಸ ಅವನದು. ಬೆರಳಿಗೆ ಸದಾ ಅಂಟು ಮೆತ್ತಿರುತ್ತೆ, ಅದಕ್ಕೇ ನಾವೆಲ್ಲ ಅಂಟಣ್ಣ ಅನ್ನೋದು.

ಅವತ್ತು ಭಾನುವಾರ. ಅವನು ನಮ್ಮ ಮನೆಯಿಂದ ಹೊರಟಾಗ ರಾತ್ರಿ ಹನ್ನೊಂದು ದಾಟಿತ್ತು. ಹೆಗಲ ಮೇಲೆ ಅಜ್ಜನ ಬಂದೂಕು, ಹಳೇ ಬೆಡ್‌ಶೀಟಲ್ಲಿ ಸುತ್ತಿದ್ದು. ಅಜ್ಜ ಯುದ್ಧದಲ್ಲಿ ಹಿಡಿದಿದ್ದ ರೈಫಲ್ಲು. ನಳಿಗೆಗೆ ಸೀಸ ಹೊಯ್ದು ಮುಚ್ಚಿದ್ದಾರೆ, ಗುಂಡು ಹಾರೋದಿಲ್ಲ. ಇಷ್ಟು ವರ್ಷ ನಮ್ಮ ಮನೇಲಿ ಬಾಗಿಲ ಹಿಂದೆ ನಿಂತಿತ್ತು. ಅದರ ಪೊಲೀಸ್ ಪರವಾನಗಿ ಕಾಗದ ಹುಡುಕೋಕೆ ನಮ್ಮಪ್ಪ ಮೂರು ಗಂಟೆ ತಗೊಂಡ್ರು. ಸಿಕ್ಕಿದ್ದು ಅವರು ಕೂತಿದ್ದ ಕುರ್ಚಿಯ ದಿಂಬಿನ ಕೆಳಗೆ. ಅಂಟಣ್ಣನಿಗೆ ಆಗಲೇ ತಲೆ ಕೆಟ್ಟಿತ್ತು.

ದಾರಿಯಲ್ಲಿ ಒಂದು ಪಾಳುಬಾವಿ ಇದೆ. ಹಗ್ಗ ಇಲ್ಲ, ಬರೀ ರಾಟೆ. ಅವನು ಹತ್ತಿರ ಬಂದಾಗ ರಾಟೆ ತಿರುಗಿತು. ಕಿರ್... ಕಿರ್... ಕಿರ್...

ನಿಂತ. ಗಾಳಿ ಇಲ್ಲ.

ಆಮೇಲೆ ಕಟ್ಟೆಯ ಆಚೆ ಬದಿಯಿಂದ ಯಾರೋ ಬಟ್ಟೆ ಹಿಂಡಿದ ಸದ್ದು. ನೀರು ತೊಟ ತೊಟ ಕಲ್ಲಿನ ಮೇಲೆ ಬಿತ್ತು. ಬಟ್ಟೆಯನ್ನ ಒಂದೇ ಸಲ ಕೊಡವಿದ ಹಾಗೆ... ಫಟ್.

"ಯಾರದು?"

ಸುತ್ತು ಹಾಕಿ ನೋಡಿದ. ಕಟ್ಟೆ ಒಣಗಿತ್ತು. ಒಂದು ಹನಿ ಇಲ್ಲ. ಮನೆಗೆ ಹೋಗಿ ಬಿಚ್ಚಿದ್ರೆ ಬೆಡ್‌ಶೀಟಿನ ಒಂದು ಮೂಲೆ ಮಾತ್ರ ಒದ್ದೆ...

ಬಂದೂಕನ್ನ ಮ್ಯೂಸಿಯಂಗೆ ಕೊಡಬೇಕು ಅಂತ ಅವನಾಸೆ. ಅಲ್ಲಿಯವರು ಫೋಟೋ ನೋಡಿ ಒಪ್ಪಿದ್ದರು. ಒಂದೇ ಷರತ್ತು: ಹೇಗಿದೆಯೋ ಹಾಗೇ ಇರಬೇಕು. ಉಜ್ಜಬಾರದು, ಎಣ್ಣೆ ಹಚ್ಚಬಾರದು. ಅಂಟಣ್ಣನಿಗೆ ಇದನ್ನ ಹೇಳಿಕೊಡಬೇಕಾ? ಹಳೇದನ್ನ ಹೊಸದು ಮಾಡಬೇಡಿ ಅಂತ ಇಪ್ಪತ್ತು ವರ್ಷದಿಂದ ಊರಿಗೆಲ್ಲ ಪಾಠ ಹೇಳಿದವನು.

ಬಂದೂಕಿನ ಮರದ ಮೇಲೆ, ಗುರಿ ಇಡುವಾಗ ಕೆನ್ನೆ ಆನಿಸ್ತಾರಲ್ಲ ಅಲ್ಲಿ, ಅಂಗೈಯಗಲ ಕಪ್ಪು ಕಲೆ. ಅಜ್ಜನ ರಕ್ತ ಅಂತ ಮನೆಯಲ್ಲಿ ಎಲ್ಲರೂ ಹೇಳೋರು. ಅಜ್ಜ ಮಾತ್ರ ಹೇಳಿದ್ದಿಲ್ಲ. ಯುದ್ಧದ ಮಾತೆತ್ತಿದ್ರೆ "ಚಳಿ ಇತ್ತು" ಅಂದು ಎದ್ದುಹೋಗಿ ಬೂಟಿಗೆ ಪಾಲಿಶ್ ಹಾಕ್ತಾ ಕೂರೋರು. ನಾವು ಚಿಕ್ಕವರಿದ್ದಾಗಲೇ ತೀರಿಕೊಂಡ್ರು. ಅವರದು ಅಂತ ಉಳಿದಿದ್ದು ಈ ಕಲೆ ಒಂದೇ.

ಅಂಟಣ್ಣ ಆ ರಾತ್ರಿಯೇ ಕಲೆಯ ಮೇಲೆ ತೆಳು ಕಾಗದ ಇಟ್ಟು, ಅಂಚಿಗೆ ಪೆನ್ಸಿಲಲ್ಲಿ ಗೆರೆ ಎಳೆದುಕೊಂಡ. ಬಂದೂಕನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ. ಮಾರನೇ ಬೆಳಿಗ್ಗೆ ಕಾಗದ ಇಟ್ಟು ನೋಡಿದ್ರೆ... ಕಲೆ ಗೆರೆಯಿಂದ ಒಳಗೆ ಸರಿದಿದೆ. ಒಂದು ಅಕ್ಕಿಕಾಳಿನಷ್ಟು.

"ನೀನೇನೇ ಇದನ್ನ ಒರೆಸಿದ್ದು?" ಅಂತ ಅತ್ತಿಗೆ ಮೇಲೆ ಹಾರಾಡಿದ.

"ನೆಲ ಒರೆಸೋಕೇ ನನಗೆ ಪುರಸೊತ್ತಿಲ್ಲ. ನಿಮ್ಮ ಬಂದೂಕು ಬೇರೆ ಒರೆಸ್ತೀನಾ?" ಅಂದ್ರು ಅತ್ತಿಗೆ.

ಮಂಗಳವಾರ ಇನ್ನೊಂದಿಷ್ಟು ಹೋಯಿತು. ಬೀಗದಕೈ ಕೊರಳಿಗೆ ಕಟ್ಟಿಕೊಂಡು ಮಲಗಿದ. ಬುಧವಾರ ಅರ್ಧ ಕಲೆ ಇಲ್ಲ. ಬೀರುವಿನ ಬಾಗಿಲ ಸಂದಿಗೆಲ್ಲ ಕಾಗದದ ಪಟ್ಟಿ ಅಂಟಿಸಿದ. ಗುರುವಾರ ಪಟ್ಟಿ ಅಂಟಿಸಿದ ಹಾಗೇ ಇತ್ತು. ಕಲೆ ಮಾತ್ರ ಹುಣಸೆಬೀಜದಷ್ಟಾಗಿತ್ತು. ಶುಕ್ರವಾರ ಮ್ಯೂಸಿಯಂನವರು ಬರೋರಿದ್ರು. ಅತ್ತಿಗೆ ಮಾತು ಬಿಟ್ಟಿದ್ದರು. ಇವನು ಊಟ ಬಿಟ್ಟಿದ್ದ.

"ನೀನು ಬಾರೋ, ಸಾಕ್ಷಿಗೆ ಒಬ್ಬ ಇರಲಿ" ಅಂತ ಗುರುವಾರ ನನ್ನನ್ನ ಕರೆದ. ಹೋದೆ. ಸುಳ್ಳು ಯಾಕೆ ಹೇಳಲಿ... ಹನ್ನೆರಡಕ್ಕೆಲ್ಲ ಹಾಲ್‌ನಲ್ಲಿ ಗೊರಕೆ ಹೊಡೀತಿದ್ದೆ. ಅವನೊಬ್ಬನೇ ಬೀರುವಿನ ಮುಂದೆ ಕೂತಿದ್ದು.

ಎರಡೂವರೆಗೆ ಒಳಗಿಂದ ಸದ್ದು ಬಂತಂತೆ. ಮೊದಲು ಬಟ್ಟೆ ಹರಿದಿದ್ದು... ಚರ್‍ರ್. ಆಮೇಲೆ ಸಣ್ಣ ಶೀಶೆಯ ಬಿರಡೆ ತೆಗೆದಿದ್ದು... ಟುಪ್. ಆಮೇಲೆ ಮರದ ಮೇಲೆ ಬಟ್ಟೆ ಆಡೋದು. ಸರ... ಸರ... ಸರ... ಜೊತೆಗೆ ಏದುಸಿರು. ವಯಸ್ಸಾದವರದ್ದು.

ನೋಡಿ, ಆ ಬೀರು ಒಂದು ಮೊಳ ಅಗಲ. ಒಳಗೆ ಆಳು ನಿಲ್ಲೋ ಜಾಗವೇ ಇಲ್ಲ.

ಅಂಟಣ್ಣನಿಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತಂತೆ. ನಾಲ್ಕು ದಿನದ ಸಿಟ್ಟು. ಸಂದಿಗೆ ಬಾಯಿಟ್ಟು ಪಿಸುಗುಟ್ಟಿದ.

"ಅಜ್ಜಾ..."

ಸದ್ದು ನಿಂತಿತು.

"ಅಜ್ಜಾ, ಬಿಡಿ ಅದನ್ನ. ನಿಮ್ಮದು ಅಂತ ಇರೋದು ಅದೊಂದೇ. ಹಾಗೇ ಇರಲಿ."

ಆಮೇಲೆ, ಕಿವಿಯ ಪಕ್ಕದಲ್ಲೇ...

"ನನ್ನದಲ್ಲ ಮಗಾ."

"ಮತ್ತೆ ಯಾರದು?"

ಬಟ್ಟೆ ಮತ್ತೆ ಶುರುವಾಯಿತು. ಸರ... ಸರ... ಬೆಳಗಾಗೋ ತನಕ.

ನಾನು ಎದ್ದಾಗ ಅಂಟಣ್ಣ ಬಂದೂಕನ್ನ ತೊಡೆ ಮೇಲೆ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದ. ಕಣ್ಣು ಕೆಂಪಗಿತ್ತು. ಕಲೆ ಒಂದು ಸಾಸಿವೆಕಾಳಿನಷ್ಟು ಉಳಿದಿತ್ತು.

"ಯಾರ ರಕ್ತವೋ ಏನೋ, ಎಂಬತ್ತು ವರ್ಷ ಆದ್ರೂ ಬಿಡ್ತಿಲ್ಲ ಕಣೋ ಅಜ್ಜನನ್ನ. ನಾನು ಇದನ್ನ ಗಾಜಿನ ಪೆಟ್ಟಿಗೇಲಿಟ್ಟು ಊರಿಗೆಲ್ಲ ತೋರಿಸೋಕೆ ಹೊರಟಿದ್ದೆ" ಅಂದ.

ಒದ್ದೆ ಬಟ್ಟೆ ತಗೊಂಡ. ಜೀವಮಾನದಲ್ಲಿ ಯಾವುದನ್ನೂ ಅಳಿಸದ ಮನುಷ್ಯ... ಒಂದೇ ಸಲ ಒರೆಸಿದ. ಬಂದುಬಿಟ್ಟಿತು. ಬಟ್ಟೆಗೆ ಹತ್ತಿದ್ದು ಕಪ್ಪಲ್ಲ, ಕೆಂಪು. ಹಸಿ ಕೆಂಪು. ನಾನು ಕಣ್ಣಾರೆ ನೋಡಿದ್ದು.

ಹತ್ತು ಗಂಟೆಗೆ ಮ್ಯೂಸಿಯಂನವರು ಬಂದ್ರು. ಫೋಟೋದಲ್ಲಿ ನೋಡಿದ್ದ ಕಲೆ ಬಂದೂಕಿನ ಮೇಲಿಲ್ಲ.

"ಉಜ್ಜಿಬಿಟ್ರಾ? ನಿಮ್ಮ ಕಸುಬಿನವರೇ ಹೀಗೆ ಮಾಡಿದ್ರೆ ಇನ್ನು ಯಾರಿಗೆ ಹೇಳೋದು?"

ಅಂಟಣ್ಣ ತಲೆ ತಗ್ಗಿಸಿ ನಿಂತಿದ್ದ. ಅವರು ಕಾಫಿನೂ ಕುಡಿಯದೆ ಹೋದ್ರು. ಅವನು ಬಂದೂಕನ್ನ ತಂದು ವಾಪಸ್ ಬೀರುವಿನೊಳಗಿಟ್ಟ. ಬೀಗ ಹಾಕಲಿಲ್ಲ.

ಅವತ್ತೂ ಉಳಿದುಕೊಳ್ಳಿ ಅಂತ ಅತ್ತಿಗೆ ಹೇಳಿದ್ದಕ್ಕೆ ನಾನು ಅಲ್ಲೇ ಮಲಗಿದೆ. ರಾತ್ರಿ ಒಂದು ಸದ್ದೂ ಇಲ್ಲ. ಎಲ್ಲರೂ ಚೆನ್ನಾಗಿ ನಿದ್ದೆ ಮಾಡಿದ್ವಿ.

ಬೆಳಿಗ್ಗೆ ಬಾಗಿಲು ತೆಗೆದ್ರೆ, ಹೊಸ್ತಿಲಾಚೆ ಮನೆಯವರ ಶೂ, ಚಪ್ಪಲಿ ಎಲ್ಲಾ ಸಾಲಾಗಿ ನಿಂತಿದ್ವು. ದಾರ ಹಿಡಿದು ಜೋಡಿಸಿದ ಹಾಗೆ, ತುದಿಗೆ ತುದಿ ಸರಿಯಾಗಿ. ಅಂಟಣ್ಣನದು, ಅತ್ತಿಗೆದು, ಮಗುವಿನ ಸ್ಕೂಲ್ ಶೂ. ಎಲ್ಲಕ್ಕೂ ಮುಖ ಕಾಣೋ ಹಾಗೆ ಪಾಲಿಶ್. ಅವರ ಮನೇಲಿ ಪಾಲಿಶ್ ಡಬ್ಬಿಯೇ ಇಲ್ಲ, ಕೇಳಿ ಬೇಕಾದ್ರೆ. ಕೊನೆಯಲ್ಲಿ ನನ್ನದೂ ಇತ್ತು. ನನ್ನದು ಕಂದು ಬಣ್ಣದ ಶೂ. ಅದಕ್ಕೂ ಕಪ್ಪು ಬಳಿದಿತ್ತು.

ಆ ಶೂ ಇಲ್ಲೇ ಒಳಗಿದೆ. ನಂಬಿಕೆ ಇಲ್ಲದವರು ಎದ್ದು ಹೋಗಿ ನೋಡಿಕೊಂಡು ಬನ್ನಿ.